ಜಾಸ್ತಿ ರ‍್ಯಾಮ್ ಹಾಕಿದರೆ ವಿಂಡೋಸ್ 98 ಯಾಕೆ ಮುನಿಸಿಕೊಳ್ಳುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಬೇರೆ, ಹೆಸರು ಬೇರೆ, ಪ್ರಶ್ನೆ ಮಾತ್ರ ಅದೇ: ಹಳೆ ಗೇಮ್ ಆಡೋದಕ್ಕೆ ಹಳೆ ಕಂಪ್ಯೂಟರ್ ಕಟ್ಟಬೇಕು, ಯಾವ ಪಾರ್ಟ್ ಬೆಸ್ಟ್?

ಬಳ್ಳಾರಿಯಲ್ಲಿ ನಾನು ರಿಪೇರಿ ಟೇಬಲ್ಲಿಗೆ ಕೂತು ಇಪ್ಪತ್ತೈದು ವರ್ಷದ ಮೇಲಾಯಿತು. ಸೈಬರ್ ಕೆಫೆಗಳು ಬಂದದ್ದನ್ನೂ ನೋಡಿದೆ, ಒಂದೊಂದಾಗಿ ಬಾಗಿಲು ಹಾಕಿದ್ದನ್ನೂ ನೋಡಿದೆ. ಆಗ ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋದ ಬೋರ್ಡುಗಳನ್ನೇ ಈಗ ಹುಡುಗರು "ಸಿಗುತ್ತಾ ಅಣ್ಣಾ" ಅಂತ ಹುಡುಕಿಕೊಂಡು ಬರುತ್ತಾರೆ. ಬರಲಿ, ಸಂತೋಷ. ಆದರೆ "ಬೆಸ್ಟ್" ಅನ್ನೋ ಮಾತು ಕಿವಿಗೆ ಬಿದ್ದರೆ ನನಗೆ ತಲೆ ಬಿಸಿಯಾಗುತ್ತದೆ. ಎಲ್ಲದಕ್ಕೂ ಬೆಸ್ಟ್ ಅನ್ನೋ ಪಾರ್ಟ್ ಒಂದಿದ್ದಿದ್ದರೆ ಇಷ್ಟು ವರ್ಷ ನನ್ನ ಅಂಗಡಿ ನಡೆಯುತ್ತಲೇ ಇರಲಿಲ್ಲ.

ಸ್ಕ್ರೂ ಬಿಚ್ಚೋದು, ಜಂಪರ್ ಹಾಕೋದು, ಬಯಾಸ್ ಒಳಗೆ ಹೋಗೋದು ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ. ಗೊತ್ತಿಲ್ಲದವರು ಮೊದಲು ಅದನ್ನು ಕಲಿತು ಬನ್ನಿ.

ಸಿರುಗುಪ್ಪದಿಂದ ಒಬ್ಬರು: ಸರ್, ಚಿಕ್ಕವನಿದ್ದಾಗ ಸೈಬರ್‌ನಲ್ಲಿ ಆಡಿದ ರೋಡ್ ರ‍್ಯಾಶ್, ಏಜ್ ಆಫ್ ಎಂಪೈರ್ಸ್, ನೀಡ್ ಫಾರ್ ಸ್ಪೀಡ್ ಮತ್ತೆ ಆಡಬೇಕು ಅಂತ ವಿಂಡೋಸ್ 98 ಮಷಿನ್ ಕಟ್ಟಿದ್ದೇನೆ. ಪೆಂಟಿಯಂ 4 3.0 ಗಿಗಾಹರ್ಟ್ಸ್, 2 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಪಿಸಿಐ ಎಕ್ಸ್‌ಪ್ರೆಸ್ ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈಗೆ ಹೊಸ 450 ವ್ಯಾಟ್ ಎಸ್‌ಎಂಪಿಎಸ್. ಎಲ್ಲಾ ಟಾಪ್ ಪಾರ್ಟ್. ಆದರೂ ವಿಂಡೋಸ್ ಶುರುವಾಗುವಾಗ ಮೆಮೊರಿ ಸಾಲದು ಅಂತ ನಿಂತುಬಿಡುತ್ತದೆ. 4 ಜಿಬಿ ಮಾಡಲಾ?

ಬೇಡ ಮಾರಾಯರೇ. ಇರೋ 2 ಜಿಬಿಯನ್ನೂ ಕಿತ್ತು 256 ಎಂಬಿಯ ಒಂದು ಕಡ್ಡಿ ಹಾಕಿ.

ನಗಬೇಡಿ, ಕಾರಣ ಇದೆ. ಡಿಸ್ಕಿನಿಂದ ಓದಿದ್ದನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಲು ವಿಂಡೋಸ್ 98 ಒಳಗೆ ವಿಕ್ಯಾಶ್ ಅಂತ ಒಂದು ಏರ್ಪಾಟಿದೆ. ರ‍್ಯಾಮ್ ಎಷ್ಟು ಜಾಸ್ತಿಯೋ ಅದು ಬಾಚಿಕೊಳ್ಳೋದೂ ಅಷ್ಟು ಜಾಸ್ತಿ. ಆದರೆ ವಿಳಾಸಗಳನ್ನು ಬರೆದಿಡುವ ಕಪಾಟು ಮಾತ್ರ ಬೆಳೆಯಲ್ಲ. ಅದೇ ಕಪಾಟಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೂ ಜಾಗ ಬೇಕು. ರ‍್ಯಾಮ್ 512 ಎಂಬಿ ದಾಟಿತು ಅಂದರೆ ಕಪಾಟು ತುಂಬಿ ತುಳುಕುತ್ತದೆ. ಮೆಮೊರಿ ಸಾಲದು ಅಂತ ಅದು ಹೇಳೋದು ಇದನ್ನೇ. ನೀವು ಅದಕ್ಕೆ ಇನ್ನಷ್ಟು ತುರುಕಲು ಹೊರಟಿದ್ದೀರಿ. ಸಿಸ್ಟಂ ಡಾಟ್ ಐಎನ್‌ಐ ಫೈಲಿನಲ್ಲಿ ವಿಕ್ಯಾಶ್‌ಗೆ ಮಿತಿ ಬರೆದು ದಾರಿ ಮಾಡಿಕೊಳ್ಳಬಹುದು, ನಿಜ. ಆದರೆ 1997ರ ಗೇಮಿಗೆ 2 ಜಿಬಿ ಇಟ್ಟುಕೊಂಡು ಏನು ಮಾಡುತ್ತೀರಿ?

ಹಾರ್ಡ್ ಡಿಸ್ಕಿನ ಕಥೆ ಇನ್ನೂ ಕೆಟ್ಟದ್ದು. 98ರ ಐಡಿಇ (ಹಳೆ ಡಿಸ್ಕಿನ ಕನೆಕ್ಷನ್) ಡ್ರೈವರ್‌ಗೆ ಲೆಕ್ಕ ಬರೋದು ಸುಮಾರು 137 ಜಿಬಿವರೆಗೆ. ಅದರಾಚೆ ಬರೆಯಲು ಹೋದರೆ ಸುತ್ತಿಕೊಂಡು ಬಂದು ಡಿಸ್ಕಿನ ಮೊದಲ ಭಾಗದ ಮೇಲೆಯೇ ಬರೆಯುತ್ತದೆ. ಶುರುವಿನಲ್ಲಿ ಎಲ್ಲಾ ಚೆನ್ನಾಗೇ ಇರುತ್ತದೆ. ಡಿಸ್ಕ್ ತುಂಬುತ್ತಾ ಬಂದ ಒಂದು ದಿನ ವಿಂಡೋಸೂ ಇಲ್ಲ, ಗೇಮೂ ಇಲ್ಲ. ಆಮೇಲೆ ವೈರಸ್ ಅಂತ ಹೇಳಿಕೊಂಡು ನನ್ನ ಹತ್ತಿರ ಬರುತ್ತೀರಿ. ನಿಮಗೆ 40 ಜಿಬಿ ಸಾಕು. ಹಳೆ ಡಿಸ್ಕಿನ ಕಿರುಗುಟ್ಟುವ ಸದ್ದು ಬೇಡ ಅನ್ನೋರು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಐಡಿಇಗೆ ಕೂರಿಸುವ ಅಡಾಪ್ಟರ್ ತಗೊಳ್ಳಿ. 32 ಜಿಬಿ ಕಾರ್ಡ್ ಹಾಕಿದರೆ ಆ ಕಾಲದ ಗೇಮ್ ಎಷ್ಟು ಬೇಕಾದರೂ ಹಿಡಿಯುತ್ತದೆ. ಶಾಖವೂ ಇಲ್ಲ.

ಈಗ ಮೂಲದ ತಪ್ಪಿಗೆ ಬರೋಣ. ನೀವು ಪಾರ್ಟಿನಿಂದ ಶುರು ಮಾಡಿದ್ದೀರಿ. ಶುರು ಮಾಡಬೇಕಾದ್ದು ಗೇಮಿನಿಂದ. ಒಂದು ಹಾಳೆ ತಗೊಂಡು ಆಡಬೇಕಾದ ಗೇಮುಗಳನ್ನು ಬರೆಯಿರಿ, ಪಕ್ಕದಲ್ಲಿ ಅವು ಬಂದ ವರ್ಷ ಬರೆಯಿರಿ. ಏಜ್ ಆಫ್ ಎಂಪೈರ್ಸ್ 1997, ಅದರ ಎರಡನೆಯದು 1999. ನಿಮ್ಮ ಪಟ್ಟಿ 1999ಕ್ಕೇ ಮುಗಿಯಿತು. ಅದಕ್ಕೆ ಪೆಂಟಿಯಂ 3 ಧಾರಾಳ. ವೈಸ್ ಸಿಟಿ ತರಹದ್ದು ಪಟ್ಟಿಯಲ್ಲಿದ್ದರೆ ಅದು ಕಂಪ್ಯೂಟರಿಗೆ ಬಂದದ್ದು 2003ರಲ್ಲಿ. ಅದರ ಡಬ್ಬಿಯ ಮೇಲೆಯೇ 800 ಮೆಗಾಹರ್ಟ್ಸ್ ಪೆಂಟಿಯಂ 3, 128 ಎಂಬಿ ರ‍್ಯಾಮ್ ಸಾಕು ಅಂತ ಇತ್ತು. ಅಲ್ಲಿಗೆ ವಿಂಡೋಸ್ ಎಕ್ಸ್‌ಪಿ ಹಾಕಿ, ಪೆಂಟಿಯಂ 4 ಇಟ್ಟುಕೊಳ್ಳಿ. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಿಂದ ವೈಸ್ ಸಿಟಿವರೆಗೆ ಎಲ್ಲವೂ ಒಂದೇ ಮಷಿನ್ನಿನಲ್ಲಿ ಬೇಕು ಅನ್ನೋದೇ ಈ ಪತ್ರಗಳಲ್ಲಿರುವ ದೊಡ್ಡ ರೋಗ. ಕೆಲವು ಡಾಸ್ ಗೇಮುಗಳು ಪ್ರೊಸೆಸರ್ ವೇಗಕ್ಕೇ ತಾಳ ಹಾಕಿಕೊಂಡು ಓಡುತ್ತವೆ. ಪೆಂಟಿಯಂ 4ರಲ್ಲಿ ಹಾಕಿದರೆ ಗೇಮ್ ಶುರುವಾದದ್ದೂ ಗೊತ್ತಾಗಲ್ಲ, ನೀವು ಸತ್ತದ್ದೂ ಗೊತ್ತಾಗಲ್ಲ.

ಹಾಗಾದರೆ ಬೋರ್ಡ್ ಯಾವುದು? ಪೆಂಟಿಯಂ 3ಕ್ಕೆ ನನ್ನ ಮನಸ್ಸಿಗೆ ಹತ್ತಿರವಾದದ್ದು 1998ರ 440ಬಿಎಕ್ಸ್ ಅನ್ನೋ, ಪ್ರೊಸೆಸರನ್ನು ರ‍್ಯಾಮ್‌ಗೂ ಕಾರ್ಡಿಗೂ ಜೋಡಿಸುವ ಚಿಪ್‌ಸೆಟ್. ಆದರೆ ಅದರ ರ‍್ಯಾಮ್ ನೋಡಿ ತಗೊಳ್ಳಿ. 256 ಎಂಬಿಯ ಕಡ್ಡಿಯಲ್ಲಿ ಎರಡೂ ಬದಿ ಸೇರಿ 16 ಚಿಪ್ ಇರಬೇಕು. 8 ಚಿಪ್ಪಿನದ್ದು ಹಾಕಿದರೆ ಈ ಬೋರ್ಡಿಗೆ ಅರ್ಧವೇ ಕಾಣುತ್ತದೆ. ಮಾರಿದವನು ಮೋಸ ಮಾಡಿದ ಅಂತ ಜಗಳಕ್ಕೆ ಹೋಗಬೇಡಿ. ಅದು ಚಿಪ್‌ಸೆಟ್ಟಿನ ಮಿತಿ.

440ಬಿಎಕ್ಸ್ ಸಿಗಲಿಲ್ಲವೇ? ನಮ್ಮ ಕಡೆ ಗುಜರಿಯಲ್ಲಿ ಈಗಲೂ ಕೈಗೆ ಸಿಗೋದು 478 ಸಾಕೆಟ್ಟಿನ 845, 865 ಬೋರ್ಡುಗಳು. ತಪ್ಪೇನಿಲ್ಲ. ಅದರ ಮೇಲೆ 2 ರಿಂದ 2.4 ಗಿಗಾಹರ್ಟ್ಸ್‌ನ ನಾರ್ತ್‌ವುಡ್ ತಳಿಯ ಪೆಂಟಿಯಂ 4 ಕೂರಿಸಿ. 2004ರಲ್ಲಿ ಬಂದ ಪ್ರೆಸ್ಕಾಟ್ ತಳಿ ಮಾತ್ರ ಬೇಡ. 3 ಗಿಗಾಹರ್ಟ್ಸ್‌ನದ್ದು 80 ವ್ಯಾಟ್ ಮೇಲೆ ಶಾಖ ಕಾರುತ್ತದೆ. 1 ಗಿಗಾಹರ್ಟ್ಸ್ ಪೆಂಟಿಯಂ 3 ಸುಮಾರು 30 ವ್ಯಾಟ್‌ನಲ್ಲಿ ಸುಮ್ಮನಿರುತ್ತದೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಕೋಣೆಯೇ 40 ಡಿಗ್ರಿ ಹತ್ತಿರ ಇರುವಾಗ ಪ್ರೆಸ್ಕಾಟ್ ಇಟ್ಟುಕೊಂಡರೆ ಫ್ಯಾನಿನ ಸದ್ದಿಗೆ ಗೇಮಿನ ಬೈಕ್ ಸದ್ದು ಕೇಳಿಸಲ್ಲ.

ಗ್ರಾಫಿಕ್ಸ್ ಕಾರ್ಡು. ನಿಮ್ಮ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನು ಪಕ್ಕಕ್ಕಿಡಿ. ಎನ್ವಿಡಿಯಾ 98ಕ್ಕೆ ಡ್ರೈವರ್ ಕೊಟ್ಟದ್ದು ಜಿಫೋರ್ಸ್ 6 ಸರಣಿಗೆ ಮುಗಿಯಿತು. ನಿಮಗೆ ಬೇಕಾದ್ದು ಎಜಿಪಿ, ಅಂದರೆ ಪಿಸಿಐ ಎಕ್ಸ್‌ಪ್ರೆಸ್‌ಗೂ ಮೊದಲಿನ ಸ್ಲಾಟಿನ ಕಾರ್ಡ್. ಜಿಫೋರ್ಸ್ 2 ಎಂಎಕ್ಸ್ ಆದೀತು, ಜಿಫೋರ್ಸ್ 4 ಎಂಎಕ್ಸ್ 440 ಆದೀತು. ಎಂಎಕ್ಸ್ 440 ಹೆಸರಿಗೆ 4, ಒಳಗಿನ ಮನೆತನ ಜಿಫೋರ್ಸ್ 2ರದ್ದೇ. ನಿಮ್ಮ ಪಟ್ಟಿಗೆ ಅದರಿಂದ ನಷ್ಟವಿಲ್ಲ. ಎಫ್ಎಕ್ಸ್ 5200 ಸಿಕ್ಕರೆ ಮೆಮೊರಿ 128 ಬಿಟ್ಟಿನದ್ದೋ 64 ಬಿಟ್ಟಿನದ್ದೋ ವಿಚಾರಿಸಿ. 64 ಬಿಟ್ಟಿನದ್ದು ಎತ್ತಿನ ಗಾಡಿ. ಕಾರ್ಡಿನ ಮೇಲೆ 256 ಎಂಬಿ ಅಂತ ದೊಡ್ಡದಾಗಿ ಬರೆದಿರುವುದಕ್ಕೆ ಮರುಳಾಗಬೇಡಿ.

ಇನ್ನು ಎಲ್ಲರೂ ಕೇಳುವ ವೂಡೂ. 3ಡಿಎಫ್ಎಕ್ಸ್ ಕಂಪನಿಯ ಮೊದಲ ವೂಡೂ 1996ರದ್ದು. ಅದಕ್ಕೆ 2ಡಿ ಚಿತ್ರ ತೋರಿಸೋದಕ್ಕೇ ಬರುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಾರ್ಡ್ ಇಟ್ಟು ಕೇಬಲ್ಲಿನಲ್ಲಿ ಸೇರಿಸಬೇಕಿತ್ತು. ವೂಡೂ 2 ಬಂದದ್ದು 1998, ವೂಡೂ 3 ಬಂದದ್ದು 1999. 2000ದ ಡಿಸೆಂಬರಿನಲ್ಲಿ ಎನ್ವಿಡಿಯಾ ಅವರ ಮುಖ್ಯ ಗ್ರಾಫಿಕ್ಸ್ ಆಸ್ತಿಯನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ವೂಡೂ ಮಾತ್ರ ಮಾತಾಡುತ್ತಿದ್ದ ಭಾಷೆ ಗ್ಲೈಡ್. ನೀಡ್ ಫಾರ್ ಸ್ಪೀಡ್ 2ರ ವಿಶೇಷ ಆವೃತ್ತಿಯನ್ನು ಗ್ಲೈಡ್‌ನಲ್ಲಿ ಒಮ್ಮೆ ಆಡಿದವರು ಅದನ್ನು ಮರೆಯಲ್ಲ, ಒಪ್ಪುತ್ತೇನೆ. ನನ್ನ ಡ್ರಾಯರಿನಲ್ಲೂ ಒಂದು ವೂಡೂ 3 ಇದೆ. ಆದರೆ ಸಂಗ್ರಹಕಾರರು ಈಗ ಕೇಳುವ ಬೆಲೆಗೆ ನಿಮ್ಮ ಇಡೀ ಮಷಿನ್ ಕಟ್ಟಿ ಮಿಕ್ಕಿದ ದುಡ್ಡಲ್ಲಿ ತಿಂಗಳಿಡೀ ಒಗ್ಗರಣೆ ಮಿರ್ಚಿ ತಿನ್ನಬಹುದು.

ಎಜಿಪಿಯಲ್ಲಿ ಒಂದು ಎಚ್ಚರ. ಇದನ್ನು ಹೇಳದೆ ಬಿಟ್ಟರೆ ನನಗೆ ನಿದ್ದೆ ಬರಲ್ಲ. ಹಳೆ ಎಜಿಪಿ 3.3 ವೋಲ್ಟ್, ಆಮೇಲಿನದ್ದು 1.5 ವೋಲ್ಟ್. ಕಾರ್ಡಿನ ಅಂಚಿನ ಕಚ್ಚು ನೋಡಿ. ಮಾನಿಟರ್ ಸಿಕ್ಕಿಸುವ ಪಟ್ಟಿಗೆ ಹತ್ತಿರ ಇರುವ ಕಚ್ಚು 3.3ರದ್ದು, ದೂರ ಇರುವುದು 1.5ರದ್ದು. 440ಬಿಎಕ್ಸ್ ಬೋರ್ಡು 3.3, 845 ಬೋರ್ಡು 1.5 ಮಾತ್ರ. ಕಚ್ಚು ಹೊಂದದಿದ್ದರೆ ಕಾರ್ಡ್ ಕೂರಲ್ಲ, ಅಲ್ಲಿಗೆ ಬಚಾವ್. ಆದರೆ ಕೆಲವು ಹಳೆ ಅಗ್ಗದ ಕಾರ್ಡುಗಳಲ್ಲಿ ಎರಡೂ ಕಚ್ಚು ಇರುತ್ತವೆ, ಒಳಗೆ ಮಾತ್ರ 3.3 ಬೇಡುತ್ತವೆ. ಅಂಥದ್ದೊಂದನ್ನು 845 ಬೋರ್ಡಿಗೆ ನಾನೇ ಒತ್ತಿ ಕೂರಿಸಿದ್ದೆ. ಸ್ವಿಚ್ ಹಾಕಿದ ಕೂಡಲೇ ಸುಟ್ಟ ವಾಸನೆ. ಬೋರ್ಡು ಹೋಯಿತು. ಗಿರಾಕಿಗೆ ಕೈಯಿಂದ ಹೊಸದು ಕೊಟ್ಟೆ. ಕಾರ್ಡಿನ ಮೇಲಿನ ಮಾಡೆಲ್ ನಂಬರ್ ನೋಡದೆ ಎಜಿಪಿ ಕಾರ್ಡ್ ಹಾಕೋದನ್ನು ಅವತ್ತಿಗೆ ಬಿಟ್ಟೆ.

ಇಷ್ಟೆಲ್ಲಾ ಆದ ಮೇಲೂ ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ರ‍್ಯಾಮ್ ಅಲ್ಲ. "ಹೊಸ 450 ವ್ಯಾಟ್ ಎಸ್‌ಎಂಪಿಎಸ್" ಅಂತ ಬರೆದಿದ್ದೀರಲ್ಲ, ಅದು. ಅದನ್ನೊಮ್ಮೆ ಕೈಯಲ್ಲಿ ಎತ್ತಿ ನೋಡಿ. ಹಗುರವಾಗಿ ಖಾಲಿ ಡಬ್ಬಿಯ ಹಾಗಿದ್ದರೆ 450 ಇರೋದು ಸ್ಟಿಕ್ಕರಿನಲ್ಲಿ ಮಾತ್ರ. ಪ್ರೊಸೆಸರ್ ಕೆಟ್ಟರೆ ಪ್ರೊಸೆಸರ್ ಒಂದೇ ಹೋಗುತ್ತದೆ. ಎಸ್‌ಎಂಪಿಎಸ್ ಕೆಟ್ಟರೆ ಹೋಗುವಾಗ ಬೋರ್ಡು, ಕಾರ್ಡು, ಡಿಸ್ಕು ಎಲ್ಲವನ್ನೂ ಜೊತೆಗೆ ಕರಕೊಂಡು ಹೋಗುತ್ತದೆ. ಹೊಸ ಪ್ರೊಸೆಸರ್ ಕಾರ್ಖಾನೆಯಿಂದ ಬರುತ್ತಲೇ ಇದೆ. 25 ವರ್ಷದ ಹಳೆ ಬೋರ್ಡು ಎಲ್ಲಿಂದ ಬರಬೇಕು?

ಇನ್ನೊಂದು ಸೂಕ್ಷ್ಮ. ಈಗಿನ ಎಸ್‌ಎಂಪಿಎಸ್‌ಗಳ ಶಕ್ತಿಯೆಲ್ಲಾ 12 ವೋಲ್ಟಿನ ತಂತಿಯಲ್ಲಿ. ಪೆಂಟಿಯಂ 3 ಮತ್ತು ಬಹುಪಾಲು ಎಎಂಡಿ ಕಂಪನಿಯ ಅಥ್ಲಾನ್ ಎಕ್ಸ್‌ಪಿ ಬೋರ್ಡುಗಳು ಜಾಸ್ತಿ ಎಳೆಯೋದು 5 ವೋಲ್ಟಿನಿಂದ. ಆದ್ದರಿಂದ ಒಟ್ಟು ವ್ಯಾಟ್ ನೋಡಬೇಡಿ. ಲೇಬಲ್ಲಿನಲ್ಲಿ 5 ವೋಲ್ಟಿನ ಎದುರು ಎಷ್ಟು ಆಂಪಿಯರ್ ಅಂತ ಓದಿ. ಪೆಂಟಿಯಂ 3ಕ್ಕೆ 20 ಇದ್ದರೆ ನೆಮ್ಮದಿ. ಅಥ್ಲಾನ್ ಎಕ್ಸ್‌ಪಿ ಇನ್ನೂ ಜಾಸ್ತಿ ಕೇಳುತ್ತದೆ. ಪೆಂಟಿಯಂ 4ಕ್ಕೆ ಬೇರೆಯೇ 4 ಪಿನ್ನಿನ 12 ವೋಲ್ಟ್ ಕನೆಕ್ಟರ್ ಬೇಕು, ಅದನ್ನು ಮರೆತು ಬೋರ್ಡ್ ಸತ್ತಿದೆ ಅನ್ನೋರಿದ್ದಾರೆ.

ಬೋರ್ಡಿಗೆ ಸಿಕ್ಕಿಸುವ ಮೊದಲೇ ಪರೀಕ್ಷೆ ಮಾಡಿ. ಒಂದು ಹಳೆ ಹಾರ್ಡ್ ಡಿಸ್ಕ್ ಭಾರಕ್ಕೆ ಹಾಕಿ, ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿದರೆ ಎಸ್‌ಎಂಪಿಎಸ್ ಓಡುತ್ತದೆ. ಕೆಂಪು ತಂತಿಯಲ್ಲಿ 4.75ರಿಂದ 5.25, ಹಳದಿಯಲ್ಲಿ 11.4ರಿಂದ 12.6 ಬರಬೇಕು. ಇಲ್ಲವಾದರೆ ವಾಪಸ್ ಕೊಡಿ. ಮಲ್ಟಿಮೀಟರ್ ಇಲ್ಲವಾದರೆ ಕಂಪ್ಯೂಟರ್ ಕಟ್ಟುವ ಮೊದಲು ಅದನ್ನು ಕೊಳ್ಳಿ.

ಹಳೆ ಎಸ್‌ಎಂಪಿಎಸ್ ಹಿಂದೆ ಕೆಂಪು ಸ್ವಿಚ್ ಇದ್ದರೆ 230 ಕಡೆ ಇದೆಯಾ ಅಂತ ನೋಡಿ. ಹೊರದೇಶದಿಂದ ತಂದ ಮಷಿನ್ನಿನಲ್ಲಿ ಅದು 115ರಲ್ಲಿ ಇರುತ್ತದೆ. ನಮ್ಮ ಕರೆಂಟಿಗೆ ಹಾಕಿದರೆ ಪಟಾಕಿ.

ಕೊನೆಗೆ ಬೋರ್ಡಿನ ಕೆಪಾಸಿಟರ್. 1999ರಿಂದ 2007ರ ಆಸುಪಾಸಿನವರೆಗೆ ಬಂದ ಎಷ್ಟೋ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರ್ ಇದ್ದವು. ಪ್ರೊಸೆಸರ್ ಸುತ್ತ ಇರುವವುಗಳ ನೆತ್ತಿ ನೋಡಿ. ಸಪಾಟಾಗಿರಬೇಕು. ಪೂರಿಯ ಹಾಗೆ ಉಬ್ಬಿದ್ದರೆ, ಕಂದು ಬಣ್ಣದ ಅಂಟು ಹೊರಗೆ ಬಂದಿದ್ದರೆ ಬದಲಾಯಿಸಬೇಕು. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಜಾಸ್ತಿ ವೋಲ್ಟ್, 105 ಡಿಗ್ರಿಯದ್ದು, ಒಳಗಿನ ತಡೆ ಕಮ್ಮಿ ಇರುವ ಲೋ ಇಎಸ್ಆರ್ ತಳಿ. ಲೋ ಇಎಸ್ಆರ್ ಅಂದರೆ ಏನು ಅಂತ ಕೇಳುವ ಮೆಕ್ಯಾನಿಕ್ ಕೈಗೆ ಬೋರ್ಡ್ ಕೊಡಬೇಡಿ. ಉಬ್ಬಿದ ನೆತ್ತಿಯನ್ನು ಇಕ್ಕಳದಲ್ಲಿ ಒತ್ತಿ ಸಪಾಟು ಮಾಡಿ "ಸರಿಯಾಯಿತು" ಅಂತ ಮಾರಿದವರನ್ನೂ ನಾನು ನೋಡಿದ್ದೇನೆ.

ಅಂತೂ ನಿಮಗೆ: 256 ಎಂಬಿ, 40 ಜಿಬಿ, ಎಜಿಪಿ ಬೋರ್ಡು, ಎಂಎಕ್ಸ್ 440, ತೂಕದ ಎಸ್‌ಎಂಪಿಎಸ್. ಆ 2 ಜಿಬಿ, 500 ಜಿಬಿ, ಪಿಸಿಐ ಎಕ್ಸ್‌ಪ್ರೆಸ್ ಮಷಿನ್ನಿಗೆ ಎಕ್ಸ್‌ಪಿ ಹಾಕಿ ತಮ್ಮನಿಗೆ ಕೊಡಿ.

ಕಂಪ್ಲಿಯಿಂದ: ಸತ್ತ ಗ್ರಾಫಿಕ್ಸ್ ಕಾರ್ಡನ್ನು ಓವನ್‌ನಲ್ಲಿ ಬೇಯಿಸಿದರೆ ಬದುಕುತ್ತದಂತೆ, ನಿಜವಾ?

ಬದುಕಿದ ಹಾಗೆ ನಾಲ್ಕು ದಿನ ನಟಿಸುತ್ತದೆ. ಆ ಓವನ್ನಿನಲ್ಲಿ ಆಮೇಲೆ ಮಕ್ಕಳಿಗೆ ಕೇಕ್ ಮಾಡಬೇಡಿ, ಹಳೆ ಬೆಸುಗೆಯಲ್ಲಿ ಸೀಸ ಇದೆ.

ಸಂಡೂರಿನಿಂದ: ಇಲ್ಲಿ ಕೆಂಪು ಧೂಳು ಜಾಸ್ತಿ. ಬೋರ್ಡನ್ನು ಪೆಟ್ರೋಲಿನಲ್ಲಿ ತೊಳೆಯಬಹುದಾ?

ಬೇಡ. ಒಣ ಧೂಳಿಗೆ ಬ್ಲೋವರ್, ಅಂಟಿದ ಧೂಳಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಬ್ರಷ್. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಹೀಟ್ ಸಿಂಕ್ ಬಿಚ್ಚಿದ ಮೇಲೆ ಹಳೆ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಸಂಡೂರಿನಲ್ಲಿ ವರ್ಷಕ್ಕೊಮ್ಮೆ ಅಂದರೆ ಸಾಲಲ್ಲ.

ಗಂಗಾವತಿಯಿಂದ ಒಬ್ಬ ತಾಯಿ: ಮಗ ಹಳೆ ಕಂಪ್ಯೂಟರ್ ಕಟ್ಟಿಕೊಂಡಿದ್ದಾನೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಎಲೆಕ್ಟ್ರಿಷಿಯನ್ "ಹಳೆ ಮಷಿನ್ ಅಂದರೆ ಹಾಗೇ ಇರುತ್ತದೆ, ಬೇಕಾದರೆ ನ್ಯೂಟ್ರಲ್‌ಗೆ ಸೇರಿಸಿಕೊಡುತ್ತೇನೆ" ಅಂತಾನೆ.

ಅಕ್ಕಾ, ಮೊದಲು ಅವನಿಗೆ ಬೇಡ ಅನ್ನಿ. ಅರ್ತ್ ಪಿನ್ನಿಗೆ ನ್ಯೂಟ್ರಲ್ ಸೇರಿಸಿದರೆ ಜುಮ್ ಅನ್ನೋದು ನಿಲ್ಲುತ್ತದೆ. ಆದರೆ ಎಲ್ಲೋ ಒಂದು ಕಡೆ ನ್ಯೂಟ್ರಲ್ ತಂತಿ ಕಡಿದರೆ ಕ್ಯಾಬಿನೆಟ್ಟಿಗೆ ಪೂರ್ತಿ 230 ವೋಲ್ಟ್ ಬರುತ್ತದೆ.

ಎಸ್‌ಎಂಪಿಎಸ್ ಒಳಗೆ ಗದ್ದಲ ಸೋಸಲು ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಅವು ಕರೆಂಟಿನ ಎರಡೂ ತಂತಿಯಿಂದ ಲೋಹದ ಡಬ್ಬಿಗೆ ಸೇರಿವೆ. ಅರ್ತಿಂಗ್ ಇದ್ದರೆ ಆ ಸೋರಿಕೆ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಡಬ್ಬಿಯ ಮೇಲೆ ಕರೆಂಟಿನ ಅರ್ಧದಷ್ಟು ವೋಲ್ಟ್ ಕೂತಿರುತ್ತದೆ, ಮುಟ್ಟಿದವರಿಗೆ ಜುಮ್. ಅಂದರೆ ತಪ್ಪು ಬಹುಶಃ ಮಗನ ಮಷಿನ್ನಿನದ್ದಲ್ಲ, ಗೋಡೆಯದ್ದು. ಮನೆಯ ಅರ್ತ್ ಗುಂಡಿ ನೋಡಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಅದು ಒಣಗಿ ಬಿರುಕು ಬಿಟ್ಟಿರುತ್ತದೆ. ಇದ್ದಿಲು, ಉಪ್ಪು ಹಾಕಿಸಿ ನೀರು ಹೊಯ್ಯಿಸಿ. ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ ಮುರಿದು ಎರಡು ಪಿನ್ನಿನ ಬೋರ್ಡಿಗೆ ಹಾಕಿದ್ದಾನಾ ಅಂತಲೂ ನೋಡಿ. ಅಷ್ಟು ಮಾಡಿದ ಮೇಲೂ ಜುಮ್ ಅಂದರೆ ಆ ಎಸ್‌ಎಂಪಿಎಸ್ ಬಳಸುವುದೇ ಬೇಡ. ಸರಿಯಾಗೋವರೆಗೆ ಬರಿಗಾಲಲ್ಲಿ ಅದರ ಹತ್ತಿರ ಹೋಗದಂತೆ ಹುಡುಗನಿಗೆ ಹೇಳಿ.

ಅವನ ಹತ್ತಿರ ದೊಡ್ಡ ಗಾಜಿನ ಕೊಳವೆಯ ಹಳೆ ಮಾನಿಟರ್ ಇದ್ದರೆ ಇನ್ನೊಂದು ಮಾತು. ಅದರ ಬೆನ್ನು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಇದರಲ್ಲಿ ನಾನು ಯಾರ ಜೊತೆಗೂ ಚೌಕಾಸಿ ಮಾಡಲ್ಲ.

ಕುರುಗೋಡಿನಿಂದ: ಡಾಸ್ ಗೇಮಿನಲ್ಲಿ ಸೌಂಡ್ ಬರಲ್ಲ.

ಬೋರ್ಡಿನಲ್ಲೇ ಇರುವ ಎಸಿ97 ಸೌಂಡ್ ಚಿಪ್ಪನ್ನು ಡಾಸ್ ಗೇಮ್ ಗುರುತಿಸಲ್ಲ. ಪಿಸಿಐಗಿಂತ ಹಳೆಯ ಐಎಸ್ಎ ಸ್ಲಾಟ್ ಇದ್ದರೆ ಸೌಂಡ್ ಬ್ಲಾಸ್ಟರ್ 16, ಪಿಸಿಐ ಮಾತ್ರ ಇದ್ದರೆ ಯಮಾಹಾ 724 ಚಿಪ್ಪಿನ ಕಾರ್ಡ್ ಹುಡುಕಿ.

ಸಿಂಧನೂರಿನಿಂದ: ನನಗೆ ಗೇಮ್ ಆಡಿದರೆ ಸಾಕು, ಹಳೆ ಪಾರ್ಟ್ ಬೇಕೇ ಬೇಕಾ?

ಬೇಡ. ಡಾಸ್ ಗೇಮಿಗೆ ಡಾಸ್‌ಬಾಕ್ಸ್, ಗ್ಲೈಡ್ ಗೇಮಿಗೆ ಎನ್‌ಗ್ಲೈಡ್. ಎರಡೂ ಪುಕ್ಕಟೆ ಸಾಫ್ಟ್‌ವೇರ್, ಈಗಿನ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ನನಗೆ ಬಂದ ಪತ್ರಗಳಲ್ಲಿ ಬುದ್ಧಿವಂತಿಕೆಯದ್ದು ಇದೊಂದೇ.

ಕೊಪ್ಪಳದಿಂದ: ಪಾರ್ಟ್ ಎಲ್ಲಿ ಸಿಗುತ್ತವೆ?

ಮೊದಲು ನಿಮ್ಮ ಊರಿನ ಗುಜರಿ, ಮುಚ್ಚಿದ ಟೈಪಿಂಗ್ ಮತ್ತು ಕಂಪ್ಯೂಟರ್ ಕ್ಲಾಸುಗಳ ಅಟ್ಟ. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್. ಓಡಿಸಿ ತೋರಿಸದೆ "ವರ್ಕಿಂಗ್ ಕಂಡೀಷನ್" ಅನ್ನೋರಿಗೆ ದುಡ್ಡು ಕೊಡಬೇಡಿ.

ರಾಯಚೂರಿನಿಂದ: ಹಳೆ ಟಿವಿ, ಮಾನಿಟರಿನಲ್ಲಿ ಕೆಂಪು ಪಾದರಸ ಇರುತ್ತದಂತೆ, ಲಕ್ಷಗಟ್ಟಲೆ ಬೆಲೆಯಂತೆ. ಪ್ರೊಸೆಸರಿನಲ್ಲಿ ಚಿನ್ನವೂ ಇದೆಯಂತೆ.

ಕೆಂಪು ಪಾದರಸ ಶುದ್ಧ ಸುಳ್ಳು, ಅದನ್ನು ಕೊಳ್ಳುತ್ತೇನೆ ಅಂತ ಫೋನ್ ಮಾಡುವವನು ನಿಮ್ಮ ಜೇಬು ನೋಡಿಯೇ ಮಾಡಿರುತ್ತಾನೆ. ಚಿನ್ನ ಇದೆ, ಗುಲಗಂಜಿಗಿಂತ ಕಮ್ಮಿ. ಮನೆಯಲ್ಲಿ ಆಸಿಡ್ ಹಾಕಿ ತೆಗೆಯಲು ಹೋದರೆ ಮೊದಲು ಹೋಗೋದು ಶ್ವಾಸಕೋಶ.

ಹೊಸಪೇಟೆಯಿಂದ: ಸರ್, ಹೋದ ಸಲ ನಿಮ್ಮ ಅಂಗಡಿಗೆ ಬಂದಾಗ ಡ್ರಾಯರಿನಲ್ಲಿ ವೂಡೂ 3 ನೋಡಿದೆ. ಕೊಡುತ್ತೀರಾ?

ಇಲ್ಲ.